ಬೇತಾಳನ ಬಾಯಾಗ ನಮ್ಮ ಮಾತು

ಮೊದಲೇ ಹೇಳಿಬಿಡ್ತೀನಿ, ಇದು ಸ್ವಲ್ಪ ಸಿಟ್ಟಿಲೆ ಬರದದ್ದು. ಬೈಯೋರು ಪೂರ್ತಿ ಓದಿ ಬೈರಿ :)

ಚಂದಮಾಮದ ಹಳೆ ಚಿತ್ರ ಹಂಚಿಕೊಂಡ್ರ ಎಲ್ಲರಿಗೂ ಖುಷಿ. ನನಗೂ ಖುಷಿನೇ. ಆದ್ರ ಈಗೀಗ ಒಂದು ಚಾಳಿ ಹತ್ಯಾದ. ವಿಕ್ರಮನ ಹೆಗಲ ಮ್ಯಾಲಿನ ಬೇತಾಳನ ಚಿತ್ರ ತಗೋತಾರ, ಅದರ ಬಾಯಾಗ ನಮ್ಮ ಕಲಬುರಗಿ ಕಡಿ ನಾಕು ಮಾತು ತುರುಕ್ತಾರ. "ಎಲ್ಲಿಗಿ ಹೊಂಟೀಪಾ ರಾಜಾ, ಕೂಡು, ಚಾ ಕುಡದು ಹೋಗು" ಅಂತ. ಮಂದಿ ಹೊಟ್ಟಿ ಹಿಡಕೊಂಡು ನಗ್ತಾರ. ನಗ್ಲಿ, ನಗು ಯಾರಿಗಿ ಬ್ಯಾಡ? ನನ್ನ ತಕರಾರು ಬ್ಯಾರೆ ಅದ. ಅದೇ ಬೇತಾಳ ಕತಿ ಹೇಳ್ಲಿಕ್ಕ ಶುರು ಮಾಡಿದ ಕೂಡ್ಲೆ ಪುಸ್ತಕದ ಕನ್ನಡಕ್ಕ ಹೋಗಿಬಿಡ್ತದಲ್ಲ, ಯಾಕ? ಜೋಕಿಗಿ ನಮ್ಮ ಮಾತು ಬೇಕು, ಕತಿಗಿ ಬ್ಯಾಡೇನು?

(ಅಂದಂಗ, ಆ ಚಿತ್ರ ಬರದವರು ಶಂಕರ್, ಅಂದ್ರ ಕೆ.ಸಿ. ಶಿವಶಂಕರನ್. 2020ರಾಗ ತೀರಿಕೊಂಡ್ರು. ಅವರ ಹೆಸರು ಹಾಕಿ ಹಂಚೋರು ಎಷ್ಟು ಮಂದಿ?)

ಕನ್ನಡ ಚಂದಮಾಮ 1949ರಾಗ ಶುರುವಾಯ್ತು, ಮದರಾಸಿಂದ. ಅದರ ಹಿಂದಿನ ವರ್ಷ, 1948ರ ಸೆಪ್ಟೆಂಬರ್‌ದಾಗ, ನಮ್ಮ ಕಡಿ ನಿಜಾಮನ ಆಳಿಕಿ ಮುಗದಿತ್ತು. ಅಲ್ಲಿತನಕ ಕಚೇರಿ, ದೊಡ್ಡ ಸಾಲಿ ಎಲ್ಲಾ ಉರ್ದುದಾಗ. ಅಂಥ ನೆಲಕ್ಕ ಛಾಪಾ ಆಗಿ ಬಂದ ಕನ್ನಡ ಕತಿ ದೊಡ್ಡದೇ, ಋಣ ಅದ. ಆದ್ರ "ನಾವೆಲ್ಲಾ ಚಂದಮಾಮ ಓದೇ ಬೆಳದೋರು" ಅಂತ ಬರೀತೀರಲ್ಲ, ಆ "ಎಲ್ಲಾ" ಯಾರು? ಶಹಾಬಾದಿನ ಪರ್ಸಿ ಖಣಿಯೊಳಗ ಕಲ್ಲು ತಗದೋರ ಮಕ್ಕಳು? ವಾಡಿ ಸಿಮೆಂಟಿನ ಧೂಳಾಗ ಆಡಿದ ಹುಡುಗರು? ರೈಲೇ ಇಲ್ಲದ ಚಿಂಚೋಳಿಯೋರು?

ಅವರಿಗಿ ಕತಿ ಇರ್ಲಿಲ್ಲಂತ ಅಲ್ಲ. ಅಜ್ಜಿ ಬಾಯಿಲೆ ಬರ್ತಿತ್ತು. "ಒಂದೂರಾಗ ಒಬ್ಬ ರಾಜ ಇದ್ನಂತ..." ಕೇಳೋರು "ಹೂಂ" ಅನಬೇಕು. ಅನ್ಲಿಲ್ಲಂದ್ರ ರಾಜ ಅಲ್ಲೇ ನಿಂತ, ಕತಿ ಬಂದ್! ಆ "ಇದ್ನಂತ" ಅನ್ನೋದ್ರಾಗ ಏನೇನು ಅದ ನೋಡ್ರಿ. ನಾ ಕಂಡಿಲ್ಲ, ನಮ್ಮವ್ವ ಹೇಳಿದ್ದು, ಆಕಿಗಿ ಆಕಿ ಅವ್ವ ಹೇಳಿದ್ದು, ಸುಳ್ಳಾದ್ರ ನನ್ನ ಕೇಳಬ್ಯಾಡ್ರಿ! ಇಷ್ಟೂ ಒಂದು "ಅಂತ"ದಾಗ ಕೂತದ. ಅದನ್ನ "ಇದ್ದನು" ಅಂತ ತಿದ್ದಿದ್ರ ಅಜ್ಜಿ ಎದ್ದು ಹೋಗ್ತಾಳ, ಮಾಸ್ತರು ಬಂದು ಕೂಡ್ತಾರ.

"ಊರಿಗೊಂದು ಕನ್ನಡ ಆದ್ರ ಮಕ್ಕಳಿಗಿ ಗೊಂದಲ" ಅಂತಾರ ತಿಳಿದೋರು. ಸೇಡಂ, ಚಿತ್ತಾಪುರದ ಮಕ್ಕಳು ಇಷ್ಟು ವರ್ಷ "ಇದ್ದನು, ಹೋದನು" ಅಂತ ಓದಿ ಅರಗಿಸಿಕೊಂಡಾರಲ್ಲ, ಅವರ ಗೊಂದಲ ಯಾರು ಕೇಳ್ಯಾರ? ಬೆಂಗಳೂರಿನ ಕೂಸಿಗಿ ಒಂದು "ಇದ್ನಂತ" ಓದಿದ್ರ ಜ್ವರ ಬರ್ತದೇನು? ದೊಡ್ಡೋರ ಸಾಹಿತ್ಯದಾಗ ಈ ಜಗಳ ಯಾವಾಗೋ ಮುಗದದ. ದೇವನೂರ ಮಹಾದೇವ ಅವರ ಊರ ಕಡಿ ಮಾತಿನ್ಯಾಗ ಬರದ 'ಕುಸುಮಬಾಲೆ'ಗಿ 1990ರಾಗ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಷ್ಟ್ಯಾಕ, 'ಕವಿರಾಜಮಾರ್ಗ' ಹುಟ್ಟಿದ್ದು ರಾಷ್ಟ್ರಕೂಟರ ಆಸ್ಥಾನದಾಗ. ಅವರ ರಾಜಧಾನಿ ಮಳಖೇಡ ಇರೋದು ನಮ್ಮ ಸೇಡಂ ತಾಲೂಕಿನ್ಯಾಗೇ. ಕನ್ನಡ ಒಂದಲ್ಲ, ಭಾಳ ಅವ ಅಂತ ಒಂಬತ್ತನೇ ಶತಮಾನದ ಆ ಪುಸ್ತಕಕ್ಕೇ ಗೊತ್ತಿತ್ತು.

ಅದಕ್ಕ, ಅಜ್ಜಿ ಕತಿ ಯಾರರ ಟೈಪ್ ಮಾಡಿ ಹಾಕೋರಿದ್ರ ದಯಮಾಡಿ ತಿದ್ದಬ್ಯಾಡ್ರಿ. ಚಿಂಚೋಳಿ ಕತಿಯೊಳಗ ತೆಲುಗು ಬಂದ್ರ, ವಾಡಿ ಕತಿಯೊಳಗ ಉರ್ದು ಬಂದ್ರ ಹಂಗೇ ಇಡ್ರಿ. ಚಿತ್ರ ಬರಿಯೋರು ರಾಜನ ಅರಮನಿಗಿ ಶಹಾಬಾದ್ ಪರ್ಸಿ ಹಾಸ್ರಿ, ಸಂಗಮರಿ ಕಲ್ಲು ಬ್ಯಾಡ. ಕೆಳಗ ನಿಮ್ಮ ಹೆಸರು ಹಾಕೋದು ಮರೀಬ್ಯಾಡ್ರಿ ಮತ್ತ.