ಅನುಮಾನದ ಎರಡು ಅರ್ಥಗಳು



‘ದಿ ಥಿನ್ ಮ್ಯಾನ್’ ಎಂಬ ಅಮೆರಿಕದ ವಾಕ್ಚಿತ್ರವನ್ನು ನಾವೂ ನಮ್ಮ ಸಹಧರ್ಮಿಣಿಯೂ ಎಷ್ಟು ಸಾರಿ ನೋಡಿ ನಕ್ಕಿರುವೆವೋ ಲೆಕ್ಕವಿಲ್ಲ. 1934ರಲ್ಲಿ ತೆರೆಕಂಡ ಆ ಚಿತ್ರದಲ್ಲಿ ವಿಲಿಯಂ ಪವೆಲ್ಲನೂ ಮರ್ನಾ ಲಾಯ್ ಎಂಬಾಕೆಯೂ ನಿಕ್, ನೋರಾ ಎಂಬ ದಂಪತಿಗಳಾಗಿ, ಸರಸವಾಡುತ್ತಲೇ ಕೊಲೆಯ ರಹಸ್ಯವನ್ನು ಭೇದಿಸುತ್ತಾರೆ. ಚಿತ್ರಕಥೆಯನ್ನು ಬರೆದವರೂ ದಂಪತಿಗಳೇ ಆಗಿದ್ದರೆಂಬುದು ಸ್ವಾರಸ್ಯಕರವಾದ ಸಂಗತಿ.

ಡ್ಯಾಶಿಯಲ್ ಹ್ಯಾಮೆಟ್ಟನು ಅದೇ ವರ್ಷ ಪ್ರಕಟಿಸಿದ ಮೂಲ ಕಾದಂಬರಿಯನ್ನು ನಾವು ಓದಿದುದು ಕಳೆದ ತಿಂಗಳಷ್ಟೆ. ಚಿತ್ರದ ಟೆರಿಯರ್ ನಾಯಿ ಇಲ್ಲಿ ಬೇರೆ ಜಾತಿಯದು. ಶೀರ್ಷಿಕೆಯ ಕೃಶಪುರುಷನು ಪತ್ತೇದಾರನೆಂದು ಲೋಕವು ಊಹಿಸಿತಷ್ಟೆ. ವಸ್ತುತಃ ಆತನು ಕಾಣೆಯಾದ ಒಬ್ಬ ಯಂತ್ರಶೋಧಕ. ಕಥೆಯನ್ನು ಹೇಳುವವನು ನಿಕ್ಕನೇ. ನಗೆ ಇದೆ; ಆದರೆ ಸುತ್ತಲಿನವರ ಸುಳ್ಳುಗಳನ್ನು ಕೇಳಿ ಕೇಳಿ ದಣಿದವನ ನಗೆ ಅದು.

ಮುಕ್ತಾಯದಲ್ಲಿಯೇ ದೊಡ್ಡ ಭೇದ. ಚಿತ್ರದಲ್ಲಿ ನಿಕ್ಕನು ಸಂದೇಹಕ್ಕೊಳಗಾದವರನ್ನೆಲ್ಲ ಭೋಜನಕ್ಕೆ ಕರೆದು, ಪಂಕ್ತಿಯಲ್ಲಿಯೇ ಅಪರಾಧಿಯನ್ನು ಬಯಲಿಗೆಳೆಯುತ್ತಾನೆ. ಪುಸ್ತಕದಲ್ಲಿ ಆ ಔತಣವೇ ಇಲ್ಲ. ಅಪರಾಧಿಯು ಸಿಕ್ಕಿದ ಮೇಲೆ ಆತನು ಹೆಂಡತಿಗೆ ನಡೆದುದನ್ನು ವಿವರಿಸುತ್ತಾನೆ. ಆಕೆ ಅವನ ಒಂದೊಂದು ‘ಬಹುಶಃ’ ಎಂಬುದನ್ನೂ ಹಿಡಿದು ಪ್ರಶ್ನಿಸುತ್ತಾಳೆ. ಕಡೆಗೂ ಆಕೆಗೆ ತೃಪ್ತಿಯಾಗುವುದಿಲ್ಲ. ಮೊದಲು ನಮಗೆ ಇದು ಕುಂದೆನಿಸಿತು.

ಸಂಸ್ಕೃತದ ನ್ಯಾಯಶಾಸ್ತ್ರದಲ್ಲಿ ಅನುಮಾನವೆಂದರೆ ಹೊಗೆಯಿಂದ ಬೆಂಕಿಯನ್ನು ಅರಿಯುವ ಪ್ರಮಾಣ. ಕನ್ನಡದಲ್ಲಿ ಅದೇ ಶಬ್ದಕ್ಕೆ ಸಂಶಯವೆಂದು ಅರ್ಥ. ಈ ಪಲ್ಲಟವನ್ನು ನಾವು ಪಾಮರರ ಪ್ರಮಾದವೆಂದು ತರಗತಿಯಲ್ಲಿ ಹಾಸ್ಯಮಾಡುತ್ತಿದ್ದೆವು. ಅದೇ ತರಗತಿಯಲ್ಲಿ ಒಮ್ಮೆ ಲೇಖನಿಯೊಂದು ಕಳವಾಯಿತು. ಹುಡುಗನೊಬ್ಬನ ಬೆರಳಿನಲ್ಲಿ ಮಸಿಯನ್ನು ಕಂಡು, ಅವನೇ ಕಳ್ಳನೆಂದು ನಿರ್ಣಯಿಸಿ, ಎಲ್ಲರೆದುರಿಗೆ ದಂಡಿಸಿದೆವು. ಸಂಜೆ ಮನೆಯಲ್ಲಿ ಇದನ್ನು ಹೆಮ್ಮೆಯಿಂದ ಹೇಳಲು, ‘ಮಸಿಯಿಲ್ಲದ ಬೆರಳು ಯಾವ ಹುಡುಗನದು?’ ಎಂದು ನಮ್ಮಾಕೆ ಕೇಳಿದಳು. ನಾವು ನಕ್ಕು ಊಟಕ್ಕೆ ಎದ್ದೆವು.

ಲೇಖನಿಯು ಸಿಕ್ಕಲೇ ಇಲ್ಲ. ಕದ್ದವರು ಯಾರೆಂದು ಇಂದಿಗೂ ತಿಳಿಯದು. ನೋರಾಳ ಕೊನೆಯ ಅತೃಪ್ತಿಯನ್ನು ಓದುತ್ತಿದ್ದಾಗ ಆ ಬಾಲಕನ ಮುಖವು ನಮ್ಮ ಕಣ್ಣೆದುರಿಗೆ ಬಂದಿತು. ಪುಸ್ತಕವನ್ನು ಮುಚ್ಚಿ, ನಮ್ಮಾಕೆಗೆ, ‘ಅಂದು ನೀನು ಕೇಳಿದುದು ಸರಿ’ ಎಂದೆವು. ಯಾವುದೆಂದು ಆಕೆಗೆ ನೆನಪಿರಲಿಲ್ಲ.

ವಾಚಕರು ಆ ಚಿತ್ರವನ್ನು ಸಂಸಾರಸಮೇತ ನೋಡಿ ನಗಲಿ. ಅನಂತರ ಪುಸ್ತಕವನ್ನೂ ಓದಲಿ. ನಡುವೆ ಮನೆಯಾಕೆ ಪ್ರಶ್ನೆಯನ್ನೇನಾದರೂ ಕೇಳಿದರೆ, ಉತ್ತರವನ್ನು ಹೇಳಿಯೇ ಊಟಕ್ಕೆ ಏಳಬೇಕೆಂದು ನಮ್ಮ ಬಿನ್ನಹ.