ಗೌಂಡಿಯ ಮಕ್ಕಳ ಸ್ಕಾಲರ್‌ಶಿಪ್‌ಗೆ ಕತ್ತರಿ ಹಾಕಿದ್ದು ಅನ್ಯಾಯ

ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ 2023ರ ಅಕ್ಟೋಬರ್ 30ರಂದು ಹೊರಡಿಸಿದ ಅಧಿಸೂಚನೆ ಬೆಂಗಳೂರಿನಲ್ಲಿ ಎರಡು ದಿನ ಸುದ್ದಿಯಾಗಿ ಮರೆತುಹೋಯಿತು. ಬೀದರ್ ಜಿಲ್ಲೆಯ ಹಳ್ಳಿಗಳಲ್ಲಿ ಅದು ಇನ್ನೂ ಮರೆಯುವ ಮಾತಲ್ಲ. ಲೇಬರ್ ಕಾರ್ಡ್ ಇರುವ ಕಾರ್ಮಿಕರ ಮಕ್ಕಳಿಗೆ 2021ರ ದರದಂತೆ ಎಂಬಿಎ ಓದಲು 35,000 ರೂಪಾಯಿ, ಕಾನೂನು ಪದವಿಗೆ 30,000 ರೂಪಾಯಿ ಸಿಗಬೇಕಿತ್ತು. ಆ ಅಧಿಸೂಚನೆಯಲ್ಲಿ ಅದನ್ನು 10–11 ಸಾವಿರದ ಆಸುಪಾಸಿಗೆ ಇಳಿಸಲಾಯಿತು. ಅರ್ಜಿ ಹಾಕುವಾಗ ಒಂದು ದರ, ಹಣ ಕೊಡುವ ಹೊತ್ತಿಗೆ ಇನ್ನೊಂದು ದರ. ಇಬ್ಬರು ವಿದ್ಯಾರ್ಥಿನಿಯರು ಹೈಕೋರ್ಟ್ ಮೆಟ್ಟಿಲು ಹತ್ತಿದರು, ನ್ಯಾಯಾಲಯ ಅವರ ಪರ ನಿಂತಿತು. ಆದರೆ ಬೀದರ್ ಜಿಲ್ಲೆಯ ಹಲಬರ್ಗಾದಿಂದ ಹೈಕೋರ್ಟ್‌ಗೆ ಹೋಗಿ ಬರುವ ಖರ್ಚು, ವಕೀಲರ ಫೀಸು ಯಾರ ಹತ್ತಿರ ಇದೆ? ತನ್ನ ಹಕ್ಕಿನ ಹಣಕ್ಕೆ ಪ್ರತಿ ಮಗುವೂ ರಿಟ್ ಅರ್ಜಿ ಹಾಕಬೇಕೇ?

ಹಕ್ಕಿನ ಹಣ ಎಂದೆ. ಇದು ಸರ್ಕಾರ ಬಡವರಿಗೆ ಬೊಕ್ಕಸದಿಂದ ತೆಗೆದುಕೊಡುವ ದಾನವಲ್ಲ. 1996ರ ಸೆಸ್ ಕಾಯ್ದೆ ಬಂದಾಗಿನಿಂದ ಕಟ್ಟಡ ಕಟ್ಟಿಸುವವರು ನಿರ್ಮಾಣ ವೆಚ್ಚದ ಶೇ 1ರಷ್ಟನ್ನು ಕಟ್ಟುತ್ತಾರೆ. ಅಪಾರ್ಟ್‌ಮೆಂಟ್‌ನಿಂದ ಮೇಲ್ಸೇತುವೆಯವರೆಗೆ ಎಲ್ಲದರ ಮೇಲೂ ಅದು ಬೀಳುತ್ತದೆ. ಗೌಂಡಿ, ಸೆಂಟ್ರಿಂಗ್‌ನವ, ತಲೆಯ ಮೇಲೆ ಬುಟ್ಟಿ ಹೊತ್ತು ಮಹಡಿ ಹತ್ತುವ ಹೆಂಗಸು, ಇವರ ದುಡಿಮೆಯ ಮೇಲೆ ಎತ್ತಿಟ್ಟ ಹಣ ಅದು. ಮಂಡಳಿ ಅದರ ಕಾವಲುಗಾರ ಮಾತ್ರ.

ಕಡಿತಕ್ಕೆ ಕೊಟ್ಟ ಸಮಜಾಯಿಷಿ ಎಲ್ಲರಿಗೂ ಗೊತ್ತು: ಬೋಗಸ್ ಕಾರ್ಡುಗಳು ಹೆಚ್ಚಿವೆ, ನಿಧಿಗೆ ಭಾರವಾಗುತ್ತಿದೆ. ಬೋಗಸ್ ಕಾರ್ಡು ಇರುವುದು ನಿಜ. ಕಟ್ಟಡದ ನೆರಳನ್ನೂ ಮುಟ್ಟದವರ ಜೇಬಿನಲ್ಲಿ ಲೇಬರ್ ಕಾರ್ಡ್ ಇದೆ, ಇದನ್ನು ಊರಿನ ಜನವೇ ಹೇಳುತ್ತಾರೆ. ಹಾಗಿದ್ದರೆ ಆ ಕಾರ್ಡು ರದ್ದು ಮಾಡಿ, ಮಾಡಿಕೊಟ್ಟ ಮಧ್ಯವರ್ತಿಯ ಮೇಲೆ ಕೇಸು ಹಾಕಿ. ದರ ಇಳಿಸಿದರೆ ಕಳ್ಳನಿಗೆ ಆಗುವ ನಷ್ಟವೇನು? ಅವನಿಗೆ ಬಂದಷ್ಟೂ ಲಾಭ. ಉಳಿದ ಶುಲ್ಕ ಕಟ್ಟಲಾಗದೆ ಕಾಲೇಜು ಬಿಡುವವಳು ನಿಜವಾದ ಗೌಂಡಿಯ ಮಗಳು.

ನಿಧಿಯ ಭಾರದ ಮಾತಿಗೂ ಒಂದು ಹಿನ್ನೆಲೆ ಇದೆ. ದೇಶದ ಕಟ್ಟಡ ಕಾರ್ಮಿಕರ ಸೆಸ್ ಹಣದಲ್ಲಿ ಲ್ಯಾಪ್‌ಟಾಪ್, ವಾಷಿಂಗ್ ಮಷೀನ್ ಕೊಂಡ ವಿಚಾರ 2017ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದು, ನ್ಯಾಯಮೂರ್ತಿಗಳೇ ದಿಗ್ಭ್ರಮೆಗೊಂಡಿದ್ದರು. ಅದಾದ ಮೇಲೂ ನಮ್ಮ ಮಂಡಳಿಯಲ್ಲಿ ಕಿಟ್ಟು, ಲ್ಯಾಪ್‌ಟಾಪುಗಳ ಖರೀದಿ ನಿಲ್ಲಲಿಲ್ಲ. ಖರೀದಿ ಬೇಡ, ಮಕ್ಕಳ ಸಹಾಯಧನ ಕೊಡಿ ಎಂದು ಕಾರ್ಮಿಕ ಸಂಘಟನೆಗಳು ಬೀದಿಗಿಳಿದವು. ಅವರ ಮಾತಿನಲ್ಲಿ ಹುರುಳಿದೆ. ಖರೀದಿಗೆ ಟೆಂಡರ್ ಬೇಕು, ಗುತ್ತಿಗೆದಾರ ಬೇಕು, ಹಂಚುವ ಸಮಾರಂಭಕ್ಕೆ ವೇದಿಕೆ ಬೇಕು. ವಿದ್ಯಾರ್ಥಿಯ ಖಾತೆಗೆ ನೇರವಾಗಿ ಹೋಗುವ ಹಣದಲ್ಲಿ ನಡುವಿನವರಿಗೆ ಏನೂ ಸಿಗುವುದಿಲ್ಲ. ಹಣ ಕಡಿಮೆ ಬಿದ್ದಾಗ ಮೊದಲು ನಿಲ್ಲಬೇಕಾದದ್ದು ಖರೀದಿ. ನಿಂತದ್ದು ಶುಲ್ಕದ ದುಡ್ಡು.

ಬೀದರ್‌ನವರ ಸಂಕಟ ಇಷ್ಟಕ್ಕೇ ಮುಗಿಯುವುದಿಲ್ಲ. ಔರಾದ್, ಭಾಲ್ಕಿ ಕಡೆಯ ಹಳ್ಳಿಗಳಲ್ಲಿ ತೊಗರಿ, ಸೋಯಾ ರಾಶಿ ಮುಗಿದ ಮೇಲೆ ಕೂಲಿ ಇಲ್ಲ. ಜನ ಹೈದರಾಬಾದಿಗೆ, ಪುಣೆಗೆ, ಮುಂಬೈಗೆ ಹೋಗುತ್ತಾರೆ. ಹೈದರಾಬಾದಿನ ಎತ್ತರದ ಕಟ್ಟಡಗಳಲ್ಲಿ ಇವರ ಬೆವರಿದೆ. ಆ ಕಟ್ಟಡದ ಸೆಸ್ ತೆಲಂಗಾಣದ ಮಂಡಳಿಗೆ ಸೇರುತ್ತದೆ. ಇಲ್ಲಿ ಕಾರ್ಡ್ ಬೇಕೆಂದರೆ ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ತರಬೇಕು. ಹೈದರಾಬಾದಿನ ಮೇಸ್ತ್ರಿ ಬರೆದುಕೊಡುವುದಿಲ್ಲ, ಬರೆದುಕೊಟ್ಟರೂ ಇಲ್ಲಿನ ಕಚೇರಿಯಲ್ಲಿ ಅದು ನಡೆಯುವ ಭರವಸೆಯಿಲ್ಲ. ಕೊನೆಗೆ ನಿಜವಾಗಿ ದುಡಿದವನೇ ಊರಿನ ಗುತ್ತಿಗೆದಾರನಿಗೆ ಕೈಮುಗಿದು, ಅವನ ಹತ್ತಿರ ಮಾಡದ ಕೆಲಸಕ್ಕೆ ಕಾಗದ ಬರೆಸಿಕೊಳ್ಳುವ ಸ್ಥಿತಿ. ಮುಂದೆ ತಪಾಸಣೆ ನಡೆದರೆ ಬೋಗಸ್ ಪಟ್ಟಿಯಲ್ಲಿ ಅವನ ಹೆಸರೂ ಇರುತ್ತದೆ! ಎರಡು ರಾಜ್ಯಗಳ ಮಂಡಳಿಗಳು ಕೂತು ಒಂದು ಒಪ್ಪಂದ ಮಾಡಿಕೊಂಡರೆ ಬಗೆಹರಿಯುವ ಸಂಗತಿ ಇದು.

ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 (ಜೆ) ವಿಧಿ ಬಂತಲ್ಲ ಎನ್ನುವವರಿದ್ದಾರೆ. ಬಂತು, ಅದರಿಂದ ಸೀಟು ಸಿಕ್ಕಿತು, ನೌಕರಿಯಲ್ಲಿ ಪಾಲು ಸಿಕ್ಕಿತು. ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲೇ ಬೀದರ್ ವಿಶ್ವವಿದ್ಯಾಲಯವಿದೆ. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಬಂದಾಗಲೂ ಬೀದರ್‌ನದನ್ನು ಉಳಿಸಿಕೊಳ್ಳುವ ಕಡೆಗೇ ಸಂಪುಟ ಉಪಸಮಿತಿಯ ಒಲವಿತ್ತು. ಸಂತೋಷವೇ. ಆದರೆ ಸೀಟು ಸಿಕ್ಕವಳು ದಾಖಲಾತಿಯ ದಿನ ಶುಲ್ಕ ಎಲ್ಲಿಂದ ತರಬೇಕು? ಸ್ಕಾಲರ್‌ಶಿಪ್ ಬರುವುದು ವರ್ಷ ಕಳೆದ ಮೇಲೆ. ಅಲ್ಲಿಯತನಕ ಅಪ್ಪ ಬಡ್ಡಿಗೆ ಸಾಲ ತರುತ್ತಾನೆ, ಅವ್ವನ ಕಿವಿಯೋಲೆ ಒತ್ತೆ ಹೋಗುತ್ತದೆ. ಅಮೆರಿಕದಲ್ಲಿ ಬಡ ವಿದ್ಯಾರ್ಥಿಗಳಿಗೆ ಕೊಡುವ ಪೆಲ್ ಗ್ರ್ಯಾಂಟ್‌ನಲ್ಲಿ ಮನೆಯ ಆದಾಯ ನೋಡಿ ಎಷ್ಟು ಸಿಗುತ್ತದೆಂದು ಮೊದಲೇ ತಿಳಿಸುತ್ತಾರೆ, ಆ ಹಣ ಕಾಲೇಜಿನ ಶುಲ್ಕಕ್ಕೇ ಜಮೆಯಾಗುತ್ತದೆ. ಆಧಾರ್, ಆದಾಯ ಪ್ರಮಾಣಪತ್ರ, ಅಂಕಪಟ್ಟಿ ಎಲ್ಲವೂ ಕಂಪ್ಯೂಟರಿನಲ್ಲೇ ಇರುವ ನಮ್ಮ ರಾಜ್ಯಕ್ಕೆ ಇದು ಆಗದ ಕೆಲಸವೇ?

ಕಲಿಸುವುದರ ಜೊತೆಗೆ ಕಲಿಯುವ ಖರ್ಚನ್ನೂ ಹೊರುವುದು ಈ ನೆಲಕ್ಕೆ ಹೊಸ ವಿಚಾರವೂ ಅಲ್ಲ. ನಿಜಾಮನ ಆಳ್ವಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕತೆಯನ್ನು ಎಲ್ಲರೂ ಅಭಿಮಾನದಿಂದ ಹೇಳುತ್ತಾರೆ. ಆ ಮಕ್ಕಳ ಊಟ, ವಸತಿಯ ಹೊಣೆಯನ್ನೂ ಅವರು ಹೊತ್ತಿದ್ದರು ಎಂಬುದನ್ನು ಅಷ್ಟು ಹೇಳುವುದಿಲ್ಲ. ಮೊದಲು ಕಲಿ, ಹಣ ಆಮೇಲೆ ನೋಡೋಣ ಎಂದು ಅವರು ಯಾವ ಮಗುವಿಗೂ ಹೇಳಲಿಲ್ಲ.

ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರಿ ಶಾಲೆಯಲ್ಲಿ ಓದಿ ಬಂದ ಹೆಣ್ಣುಮಕ್ಕಳಿಗೆ ಉನ್ನತ ಶಿಕ್ಷಣಕ್ಕೆಂದು ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ. ಒಳ್ಳೆಯ ಕೆಲಸ. ಒಂದು ಖಾಸಗಿ ಸಂಸ್ಥೆ ತನ್ನ ಹಣದಿಂದ ಕೊಡುವುದನ್ನು ಕಾರ್ಮಿಕರ ಮಂಡಳಿ ಕಾರ್ಮಿಕರದೇ ಹಣದಿಂದ ಕೊಡಲಾರೆ ಎನ್ನುವುದನ್ನು ಒಪ್ಪುವುದು ಹೇಗೆ?

ಭಾಲ್ಕಿಯ ಶಾಸಕ ಈಶ್ವರ ಖಂಡ್ರೆ ಸಚಿವರು, ಜಿಲ್ಲೆಯ ಉಸ್ತುವಾರಿಯೂ ಅವರದೇ. ಔರಾದ್‌ನ ಪ್ರಭು ಚವ್ಹಾಣ್ ವಿರೋಧ ಪಕ್ಷದಲ್ಲಿದ್ದಾರೆ. ಈ ವಿಷಯದಲ್ಲಿ ಇಬ್ಬರಿಗೂ ಬೇರೆ ಬೇರೆ ನಿಲುವು ಇರಬೇಕಾದ ಕಾರಣವಿಲ್ಲ. 2021ರ ದರವನ್ನು ಎಲ್ಲ ಮಕ್ಕಳಿಗೂ ಮರಳಿ ಕೊಡಿಸಲಿ, ಬಾಕಿಯನ್ನು ತೀರಿಸಲಿ, ಹೈದರಾಬಾದಿನಲ್ಲಿ ದುಡಿದ ದಿನಗಳನ್ನು ಬೀದರ್‌ನ ಕಾರ್ಮಿಕ ಇಲಾಖೆಯ ಕಚೇರಿ ಒಪ್ಪುವಂತೆ ಮಾಡಲಿ. ಕಾರ್ಮಿಕ ಸಚಿವ ಸಂತೋಷ್ ಲಾಡ್ ಅವರ ಮುಂದೆ ಇಬ್ಬರೂ ಸೇರಿ ಹೋಗಿ ಕೂರಲಿ. ಮುಂದಿನ ದಾಖಲಾತಿ ಶುರುವಾಗುವ ಮೊದಲೇ ಅದು ಆಗಬೇಕು.