ಕಾಲ್ಬೆರಳು ಮುಟ್ಟಿಸುವ ಅವಸರ

ಕಳೆದ ವಾರ ನನ್ನ ಮೊಮ್ಮಗಳು ಶಾಲೆಯಿಂದ ಕುಂಟುತ್ತ ಬಂದಳು. ಪಶ್ಚಿಮೋತ್ತಾನಾಸನ ಮಾಡುವಾಗ ಹಣೆ ಮೊಣಕಾಲಿಗೆ ತಾಗಲಿಲ್ಲವೆಂದು ಶಿಕ್ಷಕಿ ಹಿಂದಿನಿಂದ ಬೆನ್ನನ್ನು ಒತ್ತಿದರಂತೆ. ತೊಡೆಯ ಹಿಂಭಾಗದಲ್ಲಿ ನೋವು. ನನಗೆ ಕೋಪ ಉಕ್ಕಿತು. ಮರುಕ್ಷಣವೇ ನಾಚಿಕೆಯೂ ಆಯಿತು.

ಪ್ರಿಯ ವಿದ್ಯಾರ್ಥಿಗಳೇ, ದೈಹಿಕ ಶಿಕ್ಷಕರಿಲ್ಲದ ಶಾಲೆಯಲ್ಲಿ ಕನ್ನಡ ಮೇಷ್ಟರೇ ಡ್ರಿಲ್ ಮಾಡಿಸುತ್ತಿದ್ದುದು ನಿಮಗೆ ನೆನಪಿರಬಹುದು. "ಬಗ್ಗು, ಇನ್ನೂ ಬಗ್ಗು" ಎನ್ನುತ್ತ ಎಷ್ಟು ಬೆನ್ನುಗಳನ್ನು ಅಂಗೈಯಿಂದ ಅದುಮಿದ್ದೇನೋ! "ಅಯ್ಯೋ ಸಾರ್" ಎಂಬ ಕೂಗನ್ನು ಸೋಮಾರಿತನವೆಂದೇ ಬಗೆದೆ. ಆ ಬೆನ್ನುಗಳ ಒಡೆಯರಲ್ಲಿ ಕೆಲವರಾದರೂ ಇದನ್ನು ಓದುತ್ತಿರುವಿರಿ. ನನ್ನನ್ನು ಕ್ಷಮಿಸಬೇಕು.

ಸ್ನಾಯುವಿನೊಳಗೆ ಅದರ ಹಿಗ್ಗುವಿಕೆಯನ್ನು ಅರಿಯುವ ಸೂಕ್ಷ್ಮ ಅಂಗಗಳಿವೆ. ಥಟ್ಟನೆ ಎಳೆದರೆ ಅವು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ. ಸ್ನಾಯು ತನ್ನನ್ನು ರಕ್ಷಿಸಿಕೊಳ್ಳಲು ಮತ್ತಷ್ಟು ಬಿಗಿಯುತ್ತದೆ. ಒತ್ತುವ ಕೈಯೊಂದು ಕಡೆಗೆ, ಬಿಗಿಯುವ ಸ್ನಾಯುವೊಂದು ಕಡೆಗೆ. ಹರಿಯುವುದು ಇಂತಹ ಜಗ್ಗಾಟದಲ್ಲಿಯೇ.

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರಿಗೂ ಇದು ತಪ್ಪಲಿಲ್ಲ. ಹುಡುಗನಾಗಿದ್ದಾಗ ಗುರುಗಳಾದ ಕೃಷ್ಣಮಾಚಾರ್ಯರ ಅಪ್ಪಣೆಯಂತೆ, ಅಭ್ಯಾಸವೇ ಇಲ್ಲದ ಹನುಮಾನಾಸನವನ್ನು ಅತಿಥಿಯೊಬ್ಬರೆದುರು ಮಾಡಲು ಹೋಗಿ ತೊಡೆಯ ಸ್ನಾಯು ಹರಿದು ಬಹುಕಾಲ ನಡೆಯಲು ಕಷ್ಟಪಟ್ಟುದನ್ನು ಅವರೇ ಹೇಳಿಕೊಂಡಿದ್ದಾರೆ. ಮುಂದೆ ಅದೇ ಅಯ್ಯಂಗಾರರು ಬಗ್ಗಲಾರದವರ ಕೈಗೆ ಪಟ್ಟಿ, ಹಗ್ಗ, ಮರದ ಇಟ್ಟಿಗೆಗಳನ್ನು ಕೊಟ್ಟರು. ಅವರ ಸಾಧನೆಗಳಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಇದೇ.

ನನ್ನ ಅಭ್ಯಾಸವೂ ಈಗ ಹಾಗೆಯೇ. ಅಂಗಳದಲ್ಲಿ ಹತ್ತು ನಿಮಿಷ ಅಡ್ಡಾಡಿ ಮೈ ಬೆಚ್ಚಗಾದ ಮೇಲೆ ಚಾಪೆಯ ಮೇಲೆ ಕಾಲು ನೀಡಿ ಕುಳಿತು, ಪಾದಕ್ಕೆ ಟವಲನ್ನು ಸುತ್ತಿ ಎರಡು ತುದಿಗಳನ್ನು ಹಿಡಿಯುತ್ತೇನೆ. (ಟವಲು ಹಳೆಯದಾಗಿರಬೇಕೆಂಬುದು ಮನೆಯಾಕೆಯ ಷರತ್ತು.) ಮೊಣಕಾಲು ತುಸು ಮಡಿಚಿದ್ದರೂ ಬಾಧಕವಿಲ್ಲ; ಬಾಗಬೇಕಾದುದು ಸೊಂಟದ ಕೀಲಿನಿಂದ, ಬೆನ್ನನ್ನು ಗೂನಾಗಿಸಿ ಅಲ್ಲ. ಎಳೆತ ತಿಳಿಯಬೇಕು, ನೋವಾಗಬಾರದು. ಅಲ್ಲಿ ನಿಂತು, ಉಸಿರು ಕಟ್ಟದೆ, ಅರ್ಧ ನಿಮಿಷ. ಜಗ್ಗಿ ಜಗ್ಗಿ ಬಿಡುವುದು ಬೇಡ. ತಿಂಗಳುಗಳ ಮೇಲೆ ನನ್ನ ಕೈ ಕಣಕಾಲಿನವರೆಗೆ ಹೋಗುತ್ತಿದೆ. ಬೆರಳು ಇನ್ನೂ ದೂರವೇ ಇದೆ. ಇರಲಿ, ಬಚ್ಚಲಲ್ಲಿ ಬಗ್ಗಿ ಪಾದ ತೊಳೆದುಕೊಳ್ಳಲು ಈಗ ಯಾರ ಆಸರೆಯೂ ಬೇಕಾಗಿಲ್ಲ.

2015ರಿಂದ ಪ್ರತಿ ಜೂನ್ 21ರಂದು ಯೋಗ ದಿನಾಚರಣೆ ನಡೆಯುತ್ತಿದೆ. ಸಂತೋಷವೇ. ಆದರೆ ಎಲ್ಲ ಮಕ್ಕಳ ಹಣೆಯೂ ಒಂದೇ ಎಣಿಕೆಗೆ ಮೊಣಕಾಲಿಗೆ ತಾಗಬೇಕೆಂಬ ಹಟ ಪ್ರದರ್ಶನದ್ದೇ ಹೊರತು ಯೋಗದ್ದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊಮ್ಮಗಳ ಶಿಕ್ಷಕಿಗೆ ಪತ್ರವೊಂದನ್ನು ಬರೆದಿಟ್ಟಿದ್ದೇನೆ. ಮೊದಲ ಪುಟದ ತುಂಬ ನನ್ನ ತಪ್ಪುಗಳೇ ಇವೆ. ನಾಳೆ ನಾನೇ ಹೋಗಿ ಕೊಟ್ಟು ಬರುತ್ತೇನೆ.